ಮೂರನೇ ಸಾಲಿನ ಹೆಂಗಸು

ನಾನು ಏನು ಓದುತ್ತಿದ್ದೇನೆ ಅಂತ ನೆಂಟರಿಗೆ ಅರ್ಥ ಮಾಡಿಸುವ ಕೆಲಸವನ್ನು ಮೊದಲ ಸೆಮಿಸ್ಟರಿನಲ್ಲೇ ಕೈಬಿಟ್ಟೆ. ಬ್ಯುಸಿನೆಸ್ ಅನಲಿಟಿಕ್ಸ್ ಮತ್ತು ಸೈಬರ್ ಸೆಕ್ಯುರಿಟಿ, ಎರಡೂ ಸೇರಿ ಒಂದೇ ಸ್ನಾತಕೋತ್ತರ ಪದವಿ. ಕೆಸರೆಯ ನಮ್ಮ ಬೀದಿಯ ಎದುರು ಮನೆ ಅಜ್ಜಿ ಇದನ್ನು ಕೇಳಿ, "ಎರಡೆರಡು ಯಾಕವ್ವ, ಒಂದ್ರಲ್ಲಿ ಫೇಲಾದ್ರೆ ಇನ್ನೊಂದಿರ್ಲಿ ಅಂತಾನಾ?" ಅಂದರು. ಚಿಕ್ಕಮ್ಮನ ಲೆಕ್ಕದಲ್ಲಿ ನಾನು ಹ್ಯಾಕರ್. ಮದುವೆಮನೆಯಲ್ಲಿ ಎಲೆ ಮುಂದೆ ಕೂತಿದ್ದಾಗಲೇ ಮೊಬೈಲ್ ಚಾಚಿ, ಮರೆತುಹೋದ ಪಾಸ್‌ವರ್ಡ್ ತೆಗೆದುಕೊಡು ಅಂದಿದ್ದರು. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಸಾಮಾನಿನ ತಪಾಸಣೆ ಮಾಡುವ ಅಪ್ಪ ಮಾತ್ರ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: "ಕಂಪ್ಯೂಟರ್ರು. ದೊಡ್ಡದು." ಅದರ ಮೇಲೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ.

ನನಗಂತೂ ಎರಡೂ ಚೆನ್ನಾಗಿ ಬರುತ್ತಿದ್ದವು. ಜಂಬ ಅಂದುಕೊಂಡರೂ ಪರವಾಗಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಬೆಳಿಗ್ಗೆ ಅನಲಿಟಿಕ್ಸ್ ಮೇಷ್ಟ್ರ ತರಗತಿ. ಅವರಿಗೆ ಡೇಟಾ ಎಷ್ಟಿದ್ದರೂ ಸಾಲದು. ಇನ್ನೊಂದು ಕಾಲಂ ಸೇರಿಸಿ, ಇನ್ನೂ ಹಿಂದಿನ ವರ್ಷದ್ದು ತನ್ನಿ, ಯಾವುದು ಯಾವಾಗ ಉಪಯೋಗಕ್ಕೆ ಬರುತ್ತೋ ಹೇಳೋಕಾಗಲ್ಲ ಅನ್ನುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅದೇ ಕೋಣೆಗೆ ಸೆಕ್ಯುರಿಟಿ ಮೇಷ್ಟ್ರು ಬರುತ್ತಿದ್ದರು. ಅವರಿಗೆ ಎಷ್ಟಿದ್ದರೂ ಜಾಸ್ತಿಯೇ. "ಇಟ್ಕೊಂಡಿದ್ದೆಲ್ಲ ಒಂದಲ್ಲ ಒಂದು ದಿನ ಸೋರುತ್ತೆ ಕಣ್ರಪ್ಪ. ಇಟ್ಕೊಳ್ದೇ ಇರೋದು ಸೋರಲ್ಲ" ಅನ್ನುವುದು ಅವರ ದಿನದ ಮಾತು. ಬೆಳಿಗ್ಗೆ ಬೋರ್ಡಿನ ಮೇಲೆ ಬರೆದದ್ದನ್ನು ಮಧ್ಯಾಹ್ನ ಅಳಿಸುವಾಗ ಅವರ ಮುಖದಲ್ಲಿ ಒಂದು ಸಣ್ಣ ನಗು ಇರುತ್ತಿತ್ತು. ಇಪ್ಪತ್ತೆರಡು ಜನರ ನಮ್ಮ ತರಗತಿಯಲ್ಲಿ ಅರ್ಧ ಜನ ಬೆಳಗಿನ ಕಡೆ, ಅರ್ಧ ಜನ ಮಧ್ಯಾಹ್ನದ ಕಡೆ. ಎರಡೂ ಕಡೆ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು ನಾನೊಬ್ಬಳೇ.

ಕೊನೆಯ ವರ್ಷದ ಪ್ರಾಜೆಕ್ಟು ಎರಡೂ ವಿಷಯಕ್ಕೆ ಒಂದೇ. ನಿಜವಾದ ಒಂದು ಜಾಗದ ಡೇಟಾ ತಂದು ಏನಾದರೂ ಉಪಯೋಗದ್ದು ಕಂಡುಹಿಡಿಯಬೇಕು, ಆ ಡೇಟಾದಲ್ಲಿರುವ ಜನರನ್ನೂ ಕಾಪಾಡಬೇಕು. ಗೆಳೆಯರೆಲ್ಲ ಸೂಪರ್ ಮಾರ್ಕೆಟ್ಟು, ಜಿಮ್ಮು ಅಂತ ಅಲೆಯುತ್ತಿದ್ದಾಗ ನನಗೆ ಸಿಕ್ಕಿದ್ದು ರಾಮಕೃಷ್ಣನಗರದ ಒಂದು ಮನೆಯ ಮಹಡಿ. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಅಲ್ಲಿ, ಶಾಲೆ ಬಿಟ್ಟು ಎಷ್ಟೋ ವರ್ಷವಾದ ಹೆಂಗಸರನ್ನು ಕೂರಿಸಿಕೊಂಡು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿಸುತ್ತಿದ್ದರು. ಎಲ್ಲರೂ ಅವರನ್ನು ಹೆಡ್‌ಮಿಸ್ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸೇರಿದವರಲ್ಲಿ ಅರ್ಧ ಜನ ಪರೀಕ್ಷೆಗೆ ಮುಂಚೆಯೇ ಬಿಟ್ಟು ಹೋಗುತ್ತಾರೆ, ಯಾರು ಬಿಡುತ್ತಾರೆ ಅಂತ ಮೊದಲೇ ಗೊತ್ತಾದರೆ ಹಿಡಿದು ನಿಲ್ಲಿಸಬಹುದು ಅನ್ನುವುದು ಅವರ ಆಸೆ. ನನ್ನ ವಿದ್ಯೆಗೆ ಹೇಳಿ ಮಾಡಿಸಿದ ಕೆಲಸ.

ಮೂರು ವರ್ಷದ ವಿವರಗಳನ್ನು ಹೆಡ್‌ಮಿಸ್ ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಶೀಟು ತುಂಬಿಸಿಟ್ಟಿದ್ದರು. ಕ್ರಮಸಂಖ್ಯೆ, ಹುಟ್ಟಿದ ವರ್ಷ, ಬಡಾವಣೆ, ಮಾಡುವ ಕೆಲಸ, ಯಾವ ತರಗತಿಗೆ ಶಾಲೆ ಬಿಟ್ಟದ್ದು, ಹಾಜರಿ, ಕಿರುಪರೀಕ್ಷೆಯ ಅಂಕ. ನನಗೆ ಕೊಡುವಾಗ ಹೆಸರು ಮತ್ತು ಫೋನ್ ನಂಬರಿನ ಕಾಲಂಗಳನ್ನು ಅವರೇ ತೆಗೆದಿದ್ದರು. ಕೊನೆಯ ಕಾಲಂ ಒಂದಿತ್ತು. ಸೇರಿದ ಮೊದಲ ದಿನ ಪ್ರತಿಯೊಬ್ಬರ ಕೈಯಲ್ಲೂ ಒಂದು ಗೆರೆ ಹಾಳೆ ಕೊಟ್ಟು, ಈಗ ಯಾಕೆ ಓದಬೇಕು ಅನ್ನಿಸಿತು ಅಂತ ಬರೆಸುತ್ತಿದ್ದರಂತೆ. ಅದನ್ನೂ ಇದ್ದ ಹಾಗೇ ಟೈಪ್ ಮಾಡಿದ್ದರು. ಆ ಕಾಲಂ ಬಳಿ ಅವರ ಬೆರಳು ನಿಂತಿತು.

"ಇದು ಬೇಡ್ವೇನೋ ಅಲ್ವಾಮ್ಮ? ಯಾರಿಗೂ ತೋರಿಸಲ್ಲ ಅಂತ ಹೇಳಿ ಬರೆಸಿದ್ದು."

"ಹೆಸರೇ ಇಲ್ಲ ಅಂದ್ಮೇಲೆ ಯಾರದು ಅಂತ ಯಾರಿಗೆ ಗೊತ್ತಾಗುತ್ತೆ ಮಿಸ್?" ಅಂದೆ. ಎಷ್ಟು ಧೈರ್ಯವಾಗಿ ಅಂದೆ ಅಂದರೆ, ಪಾಪ, ಅವರು ನಾಚಿಕೊಂಡು ಇಡೀ ಶೀಟನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು.

ಆ ಕಾಲಂ ಅನ್ನು ನಾನು ಓದಲಿಲ್ಲ. ಎಣಿಸಿದೆ. ಯಾರು ಎಷ್ಟು ಪದ ಬರೆದಿದ್ದಾರೆ, ಯಾವ ಪದ ಎಷ್ಟು ಸಲ ಬಂದಿದೆ, ಎಲ್ಲ ಪ್ರೋಗ್ರಾಮ್ ನೋಡಿಕೊಂಡಿತು. ಹಾಜರಿ, ಅಂಕ, ಪದಗಳ ಎಣಿಕೆ ಎಲ್ಲ ಸೇರಿಸಿ ಮಾಡೆಲ್ ಕಟ್ಟಿದೆ. ಹಿಂದಿನ ವರ್ಷಗಳಲ್ಲಿ ಯಾರು ಬಿಟ್ಟಿದ್ದರು ಅನ್ನುವುದನ್ನು ಅದು ಬಹಳ ಮಟ್ಟಿಗೆ ಸರಿಯಾಗಿ ಹೇಳಿತು. ಈ ವರ್ಷದವರ ಮೇಲೆ ಓಡಿಸಿದಾಗ, ಬಿಡುವ ಸಾಧ್ಯತೆ ಹೆಚ್ಚು ಅಂತ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿಕೊಟ್ಟಿತು. ಅನಲಿಟಿಕ್ಸ್ ಮೇಷ್ಟ್ರು ಬೆನ್ನು ತಟ್ಟಿದರು. ಸೋಮವಾರ ಆ ಹನ್ನೊಂದು ಕ್ರಮಸಂಖ್ಯೆಗಳನ್ನು ಹೆಡ್‌ಮಿಸ್‌ಗೆ ಕಳಿಸಿ, ಒಂದು ಮಸಾಲೆ ದೋಸೆ ತಿಂದು ಮನೆಗೆ ಹೋದೆ.

ಅದೇ ವಾರ ಗುರುವಾರ ಮಧ್ಯಾಹ್ನ ಸೆಕ್ಯುರಿಟಿ ಮೇಷ್ಟ್ರು ಹೊಸ ಆಟ ಹೂಡಿದರು. ಪ್ರಾಜೆಕ್ಟಿನ ಡೇಟಾವನ್ನು ಪಕ್ಕದವರಿಗೆ ಕೊಡಬೇಕು. ಹೆಸರಿಲ್ಲದ ಆ ಡೇಟಾದಲ್ಲಿ ಒಬ್ಬರನ್ನಾದರೂ ಇಂಥವರೇ ಅಂತ ಹಿಡಿಯಲು ಸಾಧ್ಯವಾ ಅಂತ ಪಕ್ಕದವರು ನೋಡಬೇಕು. ನನ್ನದು ಹೋಗಿದ್ದು ಹುಣಸೂರು ಕಡೆಯಿಂದ ಬರುವ ಒಬ್ಬ ಸಹಪಾಠಿಗೆ. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ, ಮಾತು ಕಮ್ಮಿ, ನೋಟ ಚುರುಕು. "ನಂದ್ರಲ್ಲಿ ನಿಂಗೇನೂ ಸಿಗಲ್ಲ ಬುಡು, ಟೈಮ್ ವೇಸ್ಟು" ಅಂತ ಮೊದಲೇ ಹೇಳಿದೆ.

ಇಪ್ಪತ್ತು ನಿಮಿಷ ಕಳೆದ ಮೇಲೆ ಮೇಷ್ಟ್ರು ಯಾರಿಗಾದರೂ ಸಿಕ್ಕಿತಾ ಅಂತ ಕೇಳಿದರು. ಅವನು ಎದ್ದು ನಿಂತ.

"ಸರ್, ಇವ್ರ ಹನ್ನೊಂದು ಜನರ ಲಿಸ್ಟಲ್ಲಿ ಮೂರನೇ ಸಾಲಿನ ಹೆಂಗಸು. ಒಂಬತ್ತನೇ ಕ್ಲಾಸ್‌ಗೇ ಬಿಟ್ಟವ್ರೆ. ಸೀರೆಗೆ ಕುಚ್ಚು ಕಟ್ಟೋ ಕೆಲಸ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮಾತ್ರ ಬರ್ತಾರೆ. ಏರಿಯಾ ಕೆಸರೆ. ಅಲ್ಲಿಗೋಗಿ ಕುಚ್ಚು ಕಟ್ಟೋರು ಯಾರು ಅಂತ ಕೇಳಿದ್ರೆ ನಾಲ್ಕೈದು ಮನೆ ತೋರಿಸ್ತಾರೆ. ಕೊನೇ ಕಾಲಂ ಓದಿದ್ರೆ ಅದೂ ಬೇಕಾಗಿಲ್ಲ." ಪರದೆ ನೋಡಿಕೊಂಡು ಓದಲು ಶುರು ಮಾಡಿದ: "ನನಗೆ ಒಬ್ಬಳೇ ಮಗಳು. ಅವಳು ಯೂನಿವರ್ಸಿಟಿಯಲ್ಲಿ ಕಂಪ್ಯೂಟರಿನ ಎರಡು ವಿಷಯ ಒಟ್ಟಿಗೆ ಓದುತ್ತಾಳೆ..."

ಅಷ್ಟು ಓದಿ ಅವನು ತಟ್ಟನೆ ನಿಲ್ಲಿಸಿದ. ನನ್ನ ಮುಖ ನೋಡಿದ, ಲ್ಯಾಪ್‌ಟಾಪ್ ಮುಚ್ಚಿದ. ಅಷ್ಟರಲ್ಲಿ ತರಗತಿಯೆಲ್ಲ ನನ್ನ ಕಡೆ ತಿರುಗಿತ್ತು. ಕೆಸರೆಯಿಂದ ಬರುವವಳು ನಾನೊಬ್ಬಳೇ ಅಂತ ಎಲ್ಲರಿಗೂ ಗೊತ್ತು.

"ನಮ್ಮಮ್ಮ ಅಲ್ಲ" ಅಂದೆ. ಯಾರೂ ಕೇಳಿರಲಿಲ್ಲ. "ನಮ್ಮಮ್ಮ ಎಸ್ಸೆಸ್ಸೆಲ್ಸಿ ಪಾಸು."

ಹಾಗೆ ಹೇಳುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಶಾಲೆಯ ಫಾರಂನಿಂದ ಹಿಡಿದು ಈ ಕೋರ್ಸಿನ ಅರ್ಜಿಯವರೆಗೆ ತಾಯಿಯ ವಿದ್ಯಾರ್ಹತೆ ಅನ್ನುವ ಕಡೆ ಎಸ್ಸೆಸ್ಸೆಲ್ಸಿ ಅಂತಲೇ ಬರೆದಿದ್ದೆವು. ಆದರೆ ಬಾಯಿಂದ ಮಾತು ಹೊರಬಿದ್ದ ಮರುಕ್ಷಣವೇ ಮಂಗಳವಾರ, ಶುಕ್ರವಾರ ಎರಡೂ ಎದುರಿಗೆ ಬಂದು ನಿಂತವು. ಆ ಎರಡು ದಿನ ಅಮ್ಮ ಕುಚ್ಚು ಕಟ್ಟಿದ ಸೀರೆಗಳ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದಳು. ಅಂಗಡಿ ಇದ್ದದ್ದು ರಾಮಕೃಷ್ಣನಗರದಲ್ಲೇ. ಸೀರೆ ಕೊಟ್ಟು ಬರಲು ಯಾಕೆ ಮೂರು ಗಂಟೆ ಬೇಕು ಅಂತ ಅಪ್ಪನೂ ನಾನೂ ಒಂದು ದಿನವೂ ಕೇಳಿರಲಿಲ್ಲ.

ಮೇಷ್ಟ್ರು ನನ್ನನ್ನು ಬಯ್ಯಲಿಲ್ಲ. "ಈ ಡೇಟಾ ಯಾರ್ಯಾರ ಹತ್ರ ಇದೆ, ಎಲ್ರೂ ಈಗಲೇ ಅಳಿಸಿ. ನೀನೂ ಆ ಕಾಲಂ ತೆಗಿ" ಅಂದರು. ಕೈ ತಾನಾಗಿ ಹೋಯಿತು. ಲ್ಯಾಪ್‌ಟಾಪಿನಲ್ಲಿ ಅಳಿಸಿದೆ, ಪೆನ್‌ಡ್ರೈವಿನಲ್ಲಿ ಅಳಿಸಿದೆ, ಬ್ಯಾಕಪ್ಪಿನಲ್ಲೂ ಅಳಿಸಿದೆ. ಎರಡು ವರ್ಷ ಕಲಿತದ್ದು ಆ ಎರಡು ನಿಮಿಷಕ್ಕೆ ಬಹಳ ಚೆನ್ನಾಗಿ ಉಪಯೋಗವಾಯಿತು. ಆಮೇಲೆ ನೆನಪಾದದ್ದು ಸೋಮವಾರ ಕಳಿಸಿದ ಪಟ್ಟಿ. ಹೆಡ್‌ಮಿಸ್ ಬಳಿ ಹೆಸರಿದೆ, ಫೋನ್ ನಂಬರ್ ಇದೆ, ಈಗ ನನ್ನ ಪಟ್ಟಿಯೂ ಇದೆ.

ನಲವತ್ತು ವರ್ಷ ಶಾಲೆ ನಡೆಸಿದವರು ಅವರು. ಮಗು ನಾಲ್ಕು ದಿನ ಶಾಲೆಗೆ ಬರದಿದ್ದರೆ ಮನೆಗೆ ಹೇಳಿಕಳಿಸುವುದು, ಮನೆಯವರನ್ನು ಕರೆಸಿ ಬುದ್ಧಿ ಹೇಳುವುದು ಅವರ ರೂಢಿ. ನಲವತ್ತೈದು ವರ್ಷದ ಹೆಂಗಸರಿಗೂ ಅವರದು ಅದೇ ನಿಯಮ. ಸೇರಿಸಿಕೊಳ್ಳುವಾಗಲೇ ಮನೆಯ ಇನ್ನೊಬ್ಬರ ನಂಬರ್ ಬರೆಸಿಕೊಳ್ಳುತ್ತಿದ್ದರು, ಅದಿಲ್ಲದೆ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಸ್ಕೂಟರ್ ಹತ್ತಿ ರಾಮಕೃಷ್ಣನಗರ ಸೇರುವವರೆಗೆ ಎಷ್ಟು ಸಿಗ್ನಲ್ ಬಂದವೋ, ಅಷ್ಟೂ ಸಿಗ್ನಲ್ಲಿಗೆ ಬೈದುಕೊಂಡೆ.

ಹೆಡ್‌ಮಿಸ್ ಕನ್ನಡಕ ಹಾಕಿಕೊಂಡು, ಪಟ್ಟಿಯ ಮೇಲೆ ಅಡಿಕೋಲು ಇಟ್ಟುಕೊಂಡು, ಏಳನೆಯವರ ಮನೆಗೆ ಫೋನ್ ಹಚ್ಚುತ್ತಿದ್ದರು.

"ಮೂರನೇದಾ? ಬೆಳಗ್ಗೇನೇ ಮಾಡಿದೆ. ಯಾರೋ ಗಂಡಸರು ಎತ್ತಿದ್ರು, ಹಿಂದುಗಡೆ ಮಿಷನ್ ಸದ್ದು. ನಿಮ್ಮ ಮನೆಯವರು ಕ್ಲಾಸ್ ಬಿಡೋ ಹಾಗೆ ಕಾಣ್ತಿದೆ, ನೀವು ಸ್ವಲ್ಪ ಹೇಳಿ ಅಂದೆ. ನಮ್ಮನೇವ್ರು ಯಾವತ್ತೋ ಎಸ್ಸೆಸ್ಸೆಲ್ಸಿ ಪಾಸಾಗವ್ರೆ ಕಣ್ರೀ, ರಾಂಗ್ ನಂಬರ್ ಅಂತ ಇಟ್ಬಿಟ್ರು."

ಅಮ್ಮ ಇಷ್ಟು ದಿನ ಬಚ್ಚಿಟ್ಟುಕೊಂಡು ಬಂದದ್ದನ್ನು, ಅಪ್ಪನ ಕಿವಿಗೆ ಹಾಕಿಸಿದ್ದು ನನ್ನ ಪಟ್ಟಿ. ಅಪ್ಪ ಅದನ್ನು ನಂಬಲಿಲ್ಲ ಅನ್ನುವುದೊಂದೇ ಉಳಿದಿದ್ದ ದಾರಿ.

"ಇನ್ಯಾರಿಗೂ ಮಾಡಬೇಡಿ ಮಿಸ್. ಏನಿದ್ರೂ ಅವ್ರನ್ನೇ ಕೇಳಿ. ಮನೆಯವ್ರಿಗೆ ಬೇಡ."

"ಮತ್ಯಾಕಮ್ಮ ಲಿಸ್ಟ್ ಕೊಟ್ಟೆ?" ಅಂದರು.

ಸೆಮಿನಾರಿನಲ್ಲಿ ಯಾರು ಏನು ಕೇಳಿದರೂ ಉತ್ತರ ಕೊಟ್ಟವಳು ನಾನು. ಇಲ್ಲಿ ಅಡಿಕೋಲಿನ ಕೆಳಗಿದ್ದ ಪಟ್ಟಿಯನ್ನು ಎಳೆದುಕೊಂಡು, ಮಡಿಸಿ, ಸ್ಕೂಟರ್ ಹತ್ತಿದೆ.

ಮನೆ ಮುಟ್ಟಿದಾಗ ಐದು ಗಂಟೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗೆ ಅಪ್ಪ ನಗುವುದು ಕೇಳಿಸಿತು. ಪಾಳಿ ಮುಗಿಸಿ ಬಂದು ಕಾಫಿ ಲೋಟ ಹಿಡಿದು ಕೂತಿದ್ದರು. ಅಮ್ಮ ಎಂದಿನಂತೆ ಕಿಟಕಿ ಕೆಳಗೆ ಕಾಲು ಚಾಚಿ ಕೂತು, ತೊಡೆ ಮೇಲೆ ಹಸಿರು ರೇಷ್ಮೆ ಸೀರೆಯ ಸೆರಗು ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದಳು. ಪಕ್ಕದಲ್ಲಿ ಇನ್ನೂ ಏಳೆಂಟು ಸೀರೆ. ಮದುವೆ ತಿಂಗಳು. ಮದುವೆ ತಿಂಗಳಲ್ಲಿ ಅಮ್ಮನಿಗೆ ತಲೆ ಎತ್ತಲು ಬಿಡುವಿರುವುದಿಲ್ಲ, ಆಷಾಢದಲ್ಲಿ ಕೈ ಖಾಲಿ. ಹುಟ್ಟಿದಾಗಿನಿಂದ ಇದನ್ನು ನೋಡುತ್ತಾ ಬೆಳೆದವಳು ನಾನು. ಮೂರನೇ ಸಾಲಿನ ಹೆಂಗಸಿನ ಹಾಜರಿ ಕೆಲವು ತಿಂಗಳು ಯಾಕೆ ಕುಸಿಯುತ್ತದೆ ಅಂತ ಆ ಸೀರೆಗಳ ಕಟ್ಟನ್ನು ಕೇಳಿದ್ದರೆ ಹೇಳುತ್ತಿತ್ತು.

"ಬಂದ್ಯಾ? ಕೇಳಿಲ್ಲಿ" ಅಂದರು ಅಪ್ಪ. "ಇವತ್ತು ಯಾರೋ ಆಯಮ್ಮ ಫೋನ್ ಮಾಡಿ, ನಿಮ್ಮಮ್ಮ ಎಸ್ಸೆಸ್ಸೆಲ್ಸಿ ಓದ್ತಾವ್ಳಂತೆ! ಕ್ಲಾಸ್ ಬುಟ್ಬುಡ್ತಾಳಂತೆ, ನಾನು ಬುದ್ಧಿ ಹೇಳ್ಬೇಕಂತೆ! ಎಂಗದೆ ನೋಡು. ನಮ್ಮ ಲೈನಲ್ಲಿ ಎಲ್ರೂ ಬಿದ್ದು ಬಿದ್ದು ನಕ್ರು."

ಅಮ್ಮನ ಬೆರಳುಗಳು ಗಂಟು ಹಾಕುತ್ತಲೇ ಇದ್ದವು. ತಲೆ ಎತ್ತಲಿಲ್ಲ. ಕತ್ತಿನ ಹತ್ತಿರ ಮಾತ್ರ ಕೆಂಪಾಗಿತ್ತು.

ಏನಾದರೂ ಮಾಡಿ ಅಮ್ಮನನ್ನು ಉಳಿಸಬೇಕು ಅನ್ನಿಸಿತು. ಸೈಬರ್ ಸೆಕ್ಯುರಿಟಿ ಓದುವವಳ ಬಾಯಲ್ಲಿ ಇಂಥ ಹೊತ್ತಿಗೆ ಒಂದು ಮಾತು ಸಿದ್ಧವಾಗಿಯೇ ಇರುತ್ತದೆ. "ಅದು ಸ್ಕ್ಯಾಮ್ ಕಾಲ್ ಅಪ್ಪ. ಈಗ ಇಂಥವೇ ಜಾಸ್ತಿ. ಮನೇವ್ರ ವಿಷಯ ಎತ್ತಿ ಮಾತಿಗೆ ಎಳೀತಾರೆ, ಆಮೇಲೆ ಓಟಿಪಿ ಕೇಳ್ತಾರೆ."

"ಅಂಗೇ ಅನ್ಕಂಡೆ ಕಣಮ್ಮ" ಅಂದರು ಅಪ್ಪ. ಅವರಿಗೆ ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ. ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟರು. "ತಗೋ, ಮೊದ್ಲು ಆ ನಂಬರ್ ಬ್ಲಾಕ್ ಮಾಡು. ಪೊಲೀಸ್‌ಗೆ ಬೇಕಾದ್ರೂ ಕೊಡು."

ಪರದೆಯ ಮೇಲೆ ಹೆಡ್‌ಮಿಸ್ ನಂಬರ್ ಇತ್ತು. ನಾನು ಬೆರಳು ಇಟ್ಟೆ. ಇಟ್ಟಿದ್ದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಒಂದು ಸಲ ಒತ್ತಿದ್ದರೆ ಎಲ್ಲ ಮೊದಲಿನಂತೆಯೇ ಇರುತ್ತಿತ್ತು.

"ಬ್ಲಾಕ್ ಮಾಡ್ಬೇಡ" ಅಂದಳು ಅಮ್ಮ. ಸೀರೆಯನ್ನು ತೊಡೆ ಮೇಲಿಂದ ತೆಗೆದು ಪಕ್ಕಕ್ಕಿಟ್ಟಳು. "ಅವ್ರು ನಮ್ಮ ಮಿಸ್ಸು."

ಅಪ್ಪ ಇನ್ನೂ ನಗುತ್ತಲೇ ಇದ್ದರು, ಅದು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮ ಎದ್ದು ನಿಂತು, ಯಾರ ಮುಖವನ್ನೂ ತಪ್ಪಿಸದೆ, ಎಲ್ಲವನ್ನೂ ಹೇಳಿದಳು. ಗಣಿತದ ಮೇಷ್ಟ್ರು ಒಂಬತ್ತನೇ ತರಗತಿಯಲ್ಲಿ ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಇಡೀ ತರಗತಿ ನಗುವಂತೆ ಮಾಡಿದ್ದರಂತೆ. ಮಾರನೇ ದಿನದಿಂದ ಅವಳು ಶಾಲೆಗೆ ಕಾಲಿಡಲಿಲ್ಲ. ನಮ್ಮ ಮನೆ ಹೆಂಗಸರ ಸಿಟ್ಟೇ ಹಾಗೆ. ಹೆಣ್ಣು ನೋಡಲು ಬಂದವರ ಮುಂದೆ ಅವಳ ಸೋದರಮಾವ ಎಸ್ಸೆಸ್ಸೆಲ್ಸಿ ಪಾಸು ಅಂದುಬಿಟ್ಟರು. ಅವಳು ಸುಮ್ಮನಿದ್ದಳು. ಆಮೇಲೆ ಪ್ರತಿ ಫಾರಂನಲ್ಲೂ ಸುಮ್ಮನಿರಬೇಕಾಯಿತು.

"ಸುಳ್ಳು ಅಂತ ಹೇಳೋದ್ಕಿಂತ, ನಿಜ ಮಾಡಿ ಹೇಳಣ ಅನ್ಕಂಡಿದ್ದೆ" ಅಂದಳು. "ಪಾಸಾಗಿ ಮಾರ್ಕ್ಸ್ ಕಾರ್ಡ್ ತಂದು ನಿಮ್ಮ ಮುಂದೆ ಇಡೋಳಿದ್ದೆ."

ಅಪ್ಪನಿಗೆ ನೋವಾಗಿತ್ತು. ಆಮೇಲೆ ಎರಡು ದಿನ ಅಮ್ಮನ ಹತ್ತಿರ ಅಷ್ಟಾಗಿ ಮಾತಾಡಲೂ ಇಲ್ಲ. ಆದರೆ ಆ ಸಂಜೆ ಅವರು ಮೊದಲು ಮಾಡಿದ ಕೆಲಸವೆಂದರೆ, ನನ್ನ ಕೈಯಿಂದ ಮೊಬೈಲ್ ಇಸಿದುಕೊಂಡು ಹೊರಗಿನ ಮೆಟ್ಟಿಲಿಗೆ ಹೋದದ್ದು. ಅಲ್ಲಿಂದ ಅವರ ಮಾತು ಕೇಳಿಸಿತು. "ಮೇಡಂ, ಬೆಳಗ್ಗೆ ರಾಂಗ್ ನಂಬರ್ ಅಂದಿದ್ದು ನಾನೇ. ತಪ್ಪಾಯ್ತು. ನಂಬರ್ ಸರಿಯಾಗೇ ಐತೆ. ಅವ್ಳು ಬುಡಲ್ಲ ಬುಡಿ, ನಂಗೊತ್ತು ಅವ್ಳ ಹಟ."

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮ್ಮ ಬಿಡಲಿಲ್ಲ. ಪರೀಕ್ಷೆಗೆ ಅಪ್ಪನೇ ಬೈಕಿನಲ್ಲಿ ಕರೆದುಕೊಂಡು ಹೋದರು, ಗಣಿತವೂ ಸೇರಿ ಆರಕ್ಕೆ ಆರೂ ಪಾಸು. ನನ್ನ ಪ್ರಾಜೆಕ್ಟಿಗೂ ಒಳ್ಳೆಯ ಅಂಕವೇ ಬಂತು, ಯಾಕೆಂದರೆ ನನ್ನ ಮಾಡೆಲ್ ಎಲ್ಲಿ ಎಡವಿತು, ಹೆಸರು ತೆಗೆದ ಮಾತ್ರಕ್ಕೆ ಜನ ಯಾಕೆ ಮರೆಯಾಗುವುದಿಲ್ಲ ಅನ್ನುವುದನ್ನು ಮುಚ್ಚುಮರೆಯಿಲ್ಲದೆ ಬರೆದೆ. ಇಬ್ಬರೂ ಮೇಷ್ಟ್ರು ಅದೊಂದು ದಿನ ಒಂದೇ ಮಾತಾಡಿದರು. ಈಗ ನನಗೆ ಈ ಕೆಲಸ ಮೊದಲಿಗಿಂತ ಚೆನ್ನಾಗಿ ಬರುತ್ತದೆ ಅಂತ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆದರೆ ಆ ಗುರುವಾರ ಸಂಜೆಯ ಒಂದು ಮಾತು ಇನ್ನೂ ಉಳಿದಿದೆ. ಅಪ್ಪ ಮೆಟ್ಟಿಲ ಮೇಲೆ ಫೋನಿನಲ್ಲಿದ್ದಾಗ ನಾನು ಅಮ್ಮನ ಎದುರು ಕೂತು ಒಪ್ಪಿಕೊಂಡೆ. ಪಟ್ಟಿ ಮಾಡಿದವಳು ನಾನು, ಹೆಡ್‌ಮಿಸ್ ಬೇಡ ಅಂದರೂ ಆ ಕಾಲಂ ಇಸಿದುಕೊಂಡವಳು ನಾನು, ತರಗತಿಯಲ್ಲಿ ಅದನ್ನು ಓದಿದರು, ಎಲ್ಲರಿಗೂ ಗೊತ್ತಾಯಿತು, ಈಗ ಎಲ್ಲ ಕಡೆ ಅಳಿಸಿದ್ದೇನೆ ಅಂದೆ. ಫೋನಿನ ವಿಷಯಕ್ಕೆ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಅದನ್ನು ಎತ್ತಲೇ ಇಲ್ಲ.

"ನಿಂಗೆ ಹೆಂಗನ್ನಿಸ್ತು?" ಅಂತ ಕೇಳಿದಳು.

"ಏನು?"

"ನಾನು ಬರ್ದಿದ್ದು ಕಣೇ. ಒಂದು ಪುಟ ತುಂಬ ಬರ್ದಿದ್ದೆ. ಮದ್ವೆ ಆದ್ಮೇಲೆ ಸೈನ್ ಬುಟ್ರೆ ನಾನು ಬರ್ದಿದ್ದು ಅದೊಂದೇಯ. ಅದ್ರಲ್ಲಿ ಜಾಸ್ತಿ ನಿಂದೇ ಇತ್ತು."

ಓದಿಲ್ಲ ಅಮ್ಮ ಅಂದೆ. ಎಷ್ಟು ಪದ ಇತ್ತು ಅಂತ ಗೊತ್ತಿತ್ತು, ನೂರ ಹದಿನಾಲ್ಕು. ಅದನ್ನು ಹೇಳಲಿಲ್ಲ.

ಅಮ್ಮ ಸೀರೆ ಎಳೆದುಕೊಂಡು, ಅರ್ಧಕ್ಕೆ ಬಿಟ್ಟ ಗಂಟನ್ನು ಮತ್ತೆ ಹಿಡಿದಳು. "ಊರಿಗೆಲ್ಲ ತೋರಿಸ್ದೆ" ಅಂದಳು. "ನೀನೊಬ್ಳು ಓದ್ಲಿಲ್ಲ."

"ಈಗ ಹೇಳಮ್ಮ, ಏನು ಬರೆದಿದ್ದೆ?"

"ಹೇಳಲ್ಲ ಹೋಗು" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಳು ಬಂದದ್ದು ನನಗೆ.

ಆ ಗೆರೆ ಹಾಳೆ ಈಗಲೂ ಹೆಡ್‌ಮಿಸ್ ಕಪಾಟಿನಲ್ಲಿದೆ. ನಾನು ಹೋಗಿ ಕೇಳಿದರೆ ಕೊಟ್ಟುಬಿಡುತ್ತಾರೆ. ಅಮ್ಮನೇ ಓದು ಅನ್ನುವವರೆಗೆ ನಾನು ಕೇಳುವುದಿಲ್ಲ.